ಅಶ್ವಗಂಧ ತೆಗೆದುಕೊಂಡರೆ ಅಮ್ಮನಿಗೆ ನಿದ್ರೆ ಬರುವುದೇ? ಥೈರಾಯ್ಡ್ ಮಾತ್ರೆಯೂ ನಡೆಯುತ್ತಿದೆ

ಅಡಿಕೆ ಸೋಗೆ
ಎಲ್ಲರಿಗೂ ನಮಸ್ಕಾರ. ತರೀಕೆರೆ ಕಡೆಯವನು, ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಕೇಳಬೇಕಾದದ್ದು ಅಮ್ಮನ ವಿಷಯ. ಅವರಿಗೆ ಅರವತ್ತಮೂರು ವರ್ಷ. ಅಪ್ಪ ತೀರಿಕೊಂಡು ಒಂಬತ್ತು ತಿಂಗಳಾಯಿತು. ಅಂದಿನಿಂದ ರಾತ್ರಿ ಎರಡೂವರೆಗೆ ಸರಿಯಾಗಿ ಎಚ್ಚರವಾಗುತ್ತದೆ, ಮತ್ತೆ ಕಣ್ಣು ಮುಚ್ಚುವುದಿಲ್ಲ. ಆ ಎರಡೂವರೆಗೆ ಕಾರಣವಿದೆ. ನಮ್ಮ ತೋಟದ ಪಂಪ್‌ಸೆಟ್‌ಗೆ ಬಹಳ ವರ್ಷ ತ್ರೀಫೇಸ್ ಕರೆಂಟ್ ಬರುತ್ತಿದ್ದದ್ದು ಆ ಹೊತ್ತಿಗೆ. ಅಪ್ಪ ಟಾರ್ಚ್ ಹಿಡಿದು ಮೋಟಾರು ಹಾಕಲು ಹೋದರೆ, ಹಾವುಹುಳದ ಭಯಕ್ಕೆ ಅವರು ಮರಳುವವರೆಗೂ ಅಮ್ಮ ಜಗಲಿಯಲ್ಲಿ ಕೂತಿರುತ್ತಿದ್ದರು. ಈಗ ಮೊಬೈಲ್‌ನಿಂದಲೇ ಚಾಲೂ ಆಗುವ ಸ್ಟಾರ್ಟರ್ ಹಾಕಿಸಿದ್ದೇನೆ. ಅಮ್ಮ ಮಾತ್ರ ಅದೇ ಹೊತ್ತಿಗೆ ಎದ್ದು ಅದೇ ಜಗಲಿಯಲ್ಲಿ ಕೂರುತ್ತಾರೆ. ಎದೆ ಹೊಡೆದುಕೊಳ್ಳುತ್ತದೆ, ಏನೋ ಆಗಿಬಿಡುತ್ತದೆ ಎನ್ನಿಸುತ್ತದೆ ಎನ್ನುತ್ತಾರೆ.

ಸೋದರತ್ತೆ ಬೆಂಗಳೂರಿನಿಂದ ಬಂದಾಗ ಅಶ್ವಗಂಧದ ಡಬ್ಬಿಯೊಂದನ್ನು ಕೊಟ್ಟು ಹೋಗಿದ್ದಾರೆ. ಗಿಡಮೂಲಿಕೆ ತಾನೇ, ಏನೂ ಆಗುವುದಿಲ್ಲ ಎಂಬುದು ಅವರ ಮಾತು. ಅಮ್ಮ ಆರು ವರ್ಷದಿಂದ ಥೈರಾಯ್ಡ್ ಕಡಿಮೆ ಎಂದು ದಿನವೂ ಬೆಳಿಗ್ಗೆ 75 ಮೈಕ್ರೋಗ್ರಾಂ ಮಾತ್ರೆ ನುಂಗುತ್ತಾರೆ. ಎರಡೂ ಒಟ್ಟಿಗೆ ನಡೆಯುತ್ತವೆಯೇ? ತಿಳಿದವರು ಹೇಳಿ.

ಚೂರ್ಣಪ್ರಿಯ
ಕಣ್ಣು ಮುಚ್ಚಿ ಕೊಡಿ ಸರ್. ನಾನು ಒಂದೂವರೆ ವರ್ಷದಿಂದ ದಿನಕ್ಕೆ 600 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೇನೆ. ಕಚೇರಿಯ ಒತ್ತಡಕ್ಕೆ ರಾತ್ರಿ ಹನ್ನೆರಡಾದರೂ ನಿದ್ರೆ ಬರುತ್ತಿರಲಿಲ್ಲ, ಈಗ ಹತ್ತೂವರೆಗೆ ದಿಂಬಿಗೆ ತಲೆ ಕೊಟ್ಟರೆ ಮುಗಿಯಿತು. ನಮ್ಮ ಪೂರ್ವಿಕರು ಸಾವಿರಾರು ವರ್ಷ ಬಳಸಿದ ಬೇರು ಇದು. ಅಡ್ಡ ಪರಿಣಾಮ ಎಂಬುದೇ ಇಲ್ಲ. ನಾನು ತರಿಸಿಕೊಳ್ಳುವ ಕಂಪನಿಯ ಕೊಂಡಿ ಇಲ್ಲಿದೆ: (ತೆಗೆದುಹಾಕಲಾಗಿದೆ)

ಸಂಚಾಲಕ
ಮಾರಾಟದ ಕೊಂಡಿಗಳಿಗೆ ಇಲ್ಲಿ ಅವಕಾಶವಿಲ್ಲ. ಅನುಭವ ಬರೆಯಿರಿ, ಅಂಗಡಿ ಬೇಡ.

ಹಂಡೆ ಒಲೆ
ತಮ್ಮಾ, ಡಬ್ಬಿಯನ್ನು ಅಟ್ಟದ ಮೇಲಿಡು. ನಮ್ಮ ಶಿರಸಿ ಕಡೆ ನಿದ್ರೆಗೆ ಮೊದಲ ಮದ್ದು ಒಂದೆಲಗದ ತಂಬುಳಿ. ಬಾವಿಕಟ್ಟೆಯ ಹತ್ತಿರ ಬೆಳೆದಿರುತ್ತದೆ. ಒಂದು ಹಿಡಿಯನ್ನು ಬೇರಿನ ಸಮೇತ ಕಿತ್ತು ಮಣ್ಣು ಹೋಗುವ ಹಾಗೆ ತೊಳೆ. ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿ. ಕಾಯಿತುರಿಯ ಜೊತೆ ನುಣ್ಣಗೆ ಬೀಸಿ ಮಜ್ಜಿಗೆಗೆ ಬೆರೆಸು, ಮೇಲೊಂದು ಒಗ್ಗರಣೆ. ಕುದಿಸಬಾರದು. ಆಗಾಗ ಗಸಗಸೆ ಪಾಯಸ ಮಾಡಿಕೊಡು. ಹಬ್ಬದ ದಿನ ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಮೂರಕ್ಕೆ ಮುಂಚೆ ಎದ್ದ ಗಂಡಸನ್ನು ನಾನು ನೋಡಿಲ್ಲ.

ರಾತ್ರಿ ಪಾಳಿ
ಅಕ್ಕ, ಹಬ್ಬದ ನಿದ್ರೆಗೆ ಗಸಗಸೆಗಿಂತ ಹೋಳಿಗೆಯ ಪಾಲು ಹೆಚ್ಚು! ಒಂದು ಮಾತು, ಇದನ್ನು ಓದಿ ಯಾರೂ ದುಬೈಗೆ ಗಸಗಸೆ ಕಟ್ಟಿಕೊಂಡು ಹೋಗಬೇಡಿ, ಅಲ್ಲಿ ಅದಕ್ಕೆ ನಿಷೇಧವಿದೆ.

ಅಶ್ವಗಂಧಕ್ಕೆ ಬಂದರೆ, ಅದರ ವೈಜ್ಞಾನಿಕ ಹೆಸರೇ ವಿಥಾನಿಯಾ ಸೋಮ್ನಿಫೆರಾ. ಸೋಮ್ನಿಫೆರಾ ಎಂದರೆ ಲ್ಯಾಟಿನ್‌ನಲ್ಲಿ ನಿದ್ರೆ ತರುವಂಥದ್ದು. ಹೆಸರಿನಲ್ಲೇ ಉತ್ತರವಿದೆ ಅಲ್ಲವೇ?

ಭಿಷಕ್
ಆಯುರ್ವೇದ ವೈದ್ಯೆ, ಹಾಸನ ಜಿಲ್ಲೆಯಲ್ಲಿ ಹದಿನೆಂಟು ವರ್ಷದ ವೃತ್ತಿ. ನೇರವಾಗಿ ಹೇಳುತ್ತೇನೆ: ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದನ್ನು ಕೇಳದೆ ಕೊಡಬೇಡಿ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಥೈರಾಯ್ಡ್ ಸ್ವಲ್ಪ ಕಡಿಮೆ ಇದ್ದ 50 ಜನರ ಮೇಲೆ ಎಂಟು ವಾರ ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ದಿನಕ್ಕೆ 600 ಮಿಲಿಗ್ರಾಂ ಬೇರಿನ ಸಾರ ತೆಗೆದುಕೊಂಡವರಲ್ಲಿ ಟಿ3, ಟಿ4 ಎಂಬ ಥೈರಾಯ್ಡ್ ಹಾರ್ಮೋನುಗಳೆರಡೂ ಏರಿದವು. ಮಾತ್ರೆಯೇ ಆ ಕೆಲಸ ಮಾಡುತ್ತಿರುವಾಗ ಇದೂ ಸೇರಿದರೆ ಎದೆಬಡಿತ, ಕೈನಡುಕ, ಬೆವರು, ಇದ್ದ ನಿದ್ರೆಯೂ ಹೋಗುವುದು, ಎಲ್ಲವೂ ಆಗಬಹುದು.

ರಾತ್ರಿ ಪಾಳಿ ಅವರೇ, ಲಿನ್ನೇಯಸ್ 1753ರಲ್ಲಿ ಆ ಹೆಸರಿಟ್ಟಾಗ ಗಿಡವನ್ನು ನಮ್ಮ ಹೊಲದ ಬದುವಿನ ಬುಡ್ಡೆ ಹಣ್ಣಿನ ಜಾತಿಗೇ ಸೇರಿಸಿದ್ದ. ಹಣ್ಣನ್ನು ಸುತ್ತುವ ಕಾಗದದಂಥ ಬುರುಡೆ ಎರಡರಲ್ಲೂ ಇದೆಯಲ್ಲ, ಅದಕ್ಕೆ. ಹೆಸರೇ ಸಾಕ್ಷಿ ಎನ್ನುವುದಾದರೆ ನಮ್ಮ ಸಂಸ್ಕೃತದ ಹೆಸರು ಕುದುರೆಯ ವಾಸನೆ ಎನ್ನುತ್ತದೆ, ನಿದ್ರೆಯ ಮಾತೇ ಇಲ್ಲ. ಚರಕಸಂಹಿತೆಯಲ್ಲಿ ಅಶ್ವಗಂಧ ಕಾಣಿಸುವುದು ಬಲ್ಯ ಮತ್ತು ಬೃಂಹಣೀಯ ಎಂಬ ಗುಂಪುಗಳಲ್ಲಿ, ಅಂದರೆ ಬಲ ಕೊಡುವ, ಮೈ ತುಂಬಿಸುವ ಮೂಲಿಕೆಗಳ ಸಾಲಿನಲ್ಲಿ. ನಿದ್ರೆ ತರಿಸುವುದರಲ್ಲಿ ಎಲ್ಲಕ್ಕಿಂತ ಶ್ರೇಷ್ಠ ಎಂದು ಅದೇ ಗ್ರಂಥ ಹೇಳುವುದು ಯಾವುದನ್ನು ಗೊತ್ತೇ? ಎಮ್ಮೆಯ ಹಾಲನ್ನು. ಅದರ ಜೊತೆಗೆ ಎಣ್ಣೆ ತಿಕ್ಕುವುದು, ಸ್ನಾನ, ಅನ್ನ ಮೊಸರು, ಹಿತವಾದ ಹಾಸಿಗೆ, ಮನಸ್ಸಿಗೆ ಒಪ್ಪುವ ಗಂಧ, ಒಪ್ಪುವ ಶಬ್ದ. ಬೇರಿನಿಂದ ನಿದ್ರೆ ಬಂದರೂ ಅದು ಬಳಲಿದ ಮೈ ಚೇತರಿಸಿಕೊಂಡು ಬರುವ ನಿದ್ರೆ. ಮಾತ್ರೆಯ ಹಾಗೆ ಅಂದೇ ರಾತ್ರಿ ಕೆಡವುವುದಲ್ಲ. ನಾನು ಬರೆದುಕೊಡುವಾಗ ಬೇರಿನ ಚೂರ್ಣ ಮೂರು ಗ್ರಾಂನಿಂದ ಶುರು, ಬಿಸಿ ಹಾಲಿನಲ್ಲಿ, ಆರು ಗ್ರಾಂ ದಾಟಿಸುವುದಿಲ್ಲ. ಗರ್ಭಿಣಿಯರಿಗೆ ಇಲ್ಲವೇ ಇಲ್ಲ.

ಹಂಡೆ ಒಲೆ ಅಕ್ಕನ ತಂಬುಳಿಗೆ ನನ್ನ ಮತವಿದೆ. ಒಂದೆಲಗವನ್ನೇ ನಮ್ಮಲ್ಲಿ ಬಹಳ ಜನ ಬ್ರಾಹ್ಮಿ ಎನ್ನುತ್ತಾರೆ, ಅಂಗಡಿಯ ಬ್ರಾಹ್ಮಿ ಮಾತ್ರೆಯಲ್ಲಿ ಇರುವುದು ಹೆಚ್ಚಾಗಿ ನೀರುಬ್ರಾಹ್ಮಿ. ಎರಡೂ ಬೇರೆ ಗಿಡಗಳು, ಬೇರೆ ಕುಟುಂಬದವು. ಕೊಳ್ಳುವಾಗ ನೋಡಿಕೊಳ್ಳಿ.

ಚೂರ್ಣಪ್ರಿಯ
ಇಷ್ಟೊಂದು ಹೆದರಿಸಬೇಕೇ? ಹತ್ತಾರು ಅಧ್ಯಯನಗಳು ಕೆಲಸ ಮಾಡುತ್ತದೆ ಎಂದಿವೆ. ಒತ್ತಡದ ಹಾರ್ಮೋನು ಇಳಿಯುತ್ತದೆ ಎಂಬುದು ಸಾಬೀತಾಗಿದೆ.

ಔಷಧಿ ಚೀಟಿ
ದಾವಣಗೆರೆಯಲ್ಲಿ ಔಷಧಿ ಅಂಗಡಿ ನನ್ನದು, ಫಾರ್ಮಸಿ ಓದಿದವನು. ಚೂರ್ಣಪ್ರಿಯ ಅವರ ಮಾತಿನಲ್ಲಿ ಅರ್ಧ ಸರಿ. 2012ರಲ್ಲಿ 64 ಜನರ ಮೇಲೆ ನಡೆದ ಪರೀಕ್ಷೆ ಇದೆ. ದಿನಕ್ಕೆರಡು ಬಾರಿ 300 ಮಿಲಿಗ್ರಾಂ ಸಾರ, ಅರವತ್ತು ದಿನ. ಒತ್ತಡದ ಅಂಕವೂ ಇಳಿಯಿತು, ರಕ್ತದ ಕಾರ್ಟಿಸಾಲೂ, ಅಂದರೆ ನೀವು ಹೇಳಿದ ಒತ್ತಡದ ಹಾರ್ಮೋನೂ, ಇಳಿಯಿತು. ನಿದ್ರೆಯ ಬಗೆಗೆ ಐದು ಪರೀಕ್ಷೆಗಳನ್ನು, ಒಟ್ಟು 400 ಜನರ ಲೆಕ್ಕವನ್ನು ಒಟ್ಟುಗೂಡಿಸಿ 2021ರಲ್ಲಿ ಒಂದು ಪರಿಶೀಲನೆ ಬಂತು. ಪರಿಣಾಮ ಇದೆ, ಆದರೆ ಸಣ್ಣದು. ದಿನಕ್ಕೆ 600 ಮಿಲಿಗ್ರಾಂ, ಎಂಟು ವಾರ ಅಥವಾ ಹೆಚ್ಚು ತೆಗೆದುಕೊಂಡವರಲ್ಲಿ ಸ್ವಲ್ಪ ಹೆಚ್ಚು. ಅಷ್ಟೇ. ಇವೆಲ್ಲ ಎರಡು ಮೂರು ತಿಂಗಳ ಪರೀಕ್ಷೆಗಳು. ನಿಮ್ಮ ಹಾಗೆ ಒಂದೂವರೆ ವರ್ಷ ತಿಂದವರ ಲೆಕ್ಕ ಅವುಗಳಲ್ಲಿ ಇಲ್ಲ.

ಇನ್ನರ್ಧ ಯಕೃತ್ತಿನದು. ಐಸ್‌ಲ್ಯಾಂಡ್ ಮತ್ತು ಅಮೆರಿಕದ ವೈದ್ಯರು 2020ರಲ್ಲಿ ಐದು ರೋಗಿಗಳ ವಿವರ ಪ್ರಕಟಿಸಿದರು. ಅಶ್ವಗಂಧ ಇರುವ ಮಾತ್ರೆ ತೆಗೆದುಕೊಂಡು ಕಾಮಾಲೆ, ವಿಪರೀತ ತುರಿಕೆ. ನಿಲ್ಲಿಸಿದ ಮೇಲೆ ತಿಂಗಳುಗಳಲ್ಲಿ ಸರಿಹೋಯಿತು. ತೆಗೆದುಕೊಳ್ಳುವವರ ಸಂಖ್ಯೆಗೆ ಹೋಲಿಸಿದರೆ ಇದು ಅಪರೂಪ, ಆದರೆ ಅಡ್ಡ ಪರಿಣಾಮ ಎಂಬುದೇ ಇಲ್ಲ ಎನ್ನುವ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಿ. ನಿದ್ರೆ ಮಾತ್ರೆ, ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ನುಂಗುವವರೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಅಡಿಕೆ ಸೋಗೆ ಅವರೇ, ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಿ ಇಲ್ಲಿ ಬರೆಯಿರಿ.

ಉತ್ತರ ಸಮುದ್ರ
ಮೈಸೂರಿನವಳು, ಹತ್ತು ವರ್ಷದಿಂದ ಡೆನ್ಮಾರ್ಕ್‌ನಲ್ಲಿದ್ದೇನೆ. ಇಲ್ಲಿ 2023ರಲ್ಲಿ ಅಶ್ವಗಂಧ ಇರುವ ಆಹಾರ ಪೂರಕಗಳನ್ನೇ ನಿಷೇಧಿಸಿದರು. ಥೈರಾಯ್ಡ್ ಮತ್ತು ಲೈಂಗಿಕ ಹಾರ್ಮೋನುಗಳ ಮೇಲೆ ಪರಿಣಾಮ, ಗರ್ಭಪಾತದ ಸಾಧ್ಯತೆ ಎಂಬ ಕಾರಣ ಕೊಟ್ಟರು. ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ 2020ರ ವರದಿಯೊಂದು ಅದಕ್ಕೆ ಆಧಾರ. ಭಾರತದ ತಜ್ಞರು ಆ ವರದಿಯನ್ನು ಒಪ್ಪಿಲ್ಲ ಎಂಬುದೂ ಗೊತ್ತು, ನನಗೂ ಅದು ತುಸು ಅತಿಯೆಂದೇ ತೋರುತ್ತದೆ. ಆದರೂ ಕಳೆದ ಸಲ ಊರಿನಿಂದ ಬರುವಾಗ ಅಮ್ಮ ಲಗೇಜಿನಲ್ಲಿ ತುರುಕಿದ್ದ ಚೂರ್ಣವನ್ನು ಹೊರಗೆ ತೆಗೆದಿಟ್ಟೆ. ಅದೇ ಜಾಗದಲ್ಲಿ ಹುರಿಗಡಲೆ ಬಂತು. ನಷ್ಟವೇನಿಲ್ಲ.

ಅಡಿಕೆ ಸೋಗೆ
ಇವತ್ತು ಡಬ್ಬಿ ಕೈಗೆ ತೆಗೆದುಕೊಂಡೆ. ಎರಡು ಸಂಗತಿ ಹೇಳಬೇಕು.

ಮೊದಲನೆಯದು, ಡಬ್ಬಿ ಅರ್ಧ ಖಾಲಿ. ಕೇಳಿದರೆ, ನಿನ್ನ ಅತ್ತೆ ಹೋದ ದಿನದಿಂದಲೇ ಶುರು ಮಾಡಿದ್ದೇನೆ, ನಿನಗೆ ಹೇಳಿದರೆ ನೂರು ಪ್ರಶ್ನೆ ಕೇಳುತ್ತೀಯ ಎಂದರು. ಅಂದರೆ ಐದು ವಾರ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಒಂದು, ರಾತ್ರಿ ಹಾಲಿನ ಜೊತೆ ಇನ್ನೊಂದು. ಎದೆ ಹೊಡೆದುಕೊಳ್ಳುವುದು ದುಃಖದ್ದು ಎಂದುಕೊಂಡಿದ್ದೆ. ಈಗ ಲೆಕ್ಕ ಹಾಕಿದರೆ ಅದು ಶುರುವಾದದ್ದು ಎರಡು ಮೂರು ವಾರದ ಈಚೆಗೆ. ನಿನ್ನೆ ಕಾಫಿ ಲೋಟ ಹಿಡಿದಾಗ ತಟ್ಟೆಯ ಮೇಲೆ ಲೋಟ ಕಿಣಿಕಿಣಿ ಎನ್ನುತ್ತಿತ್ತು. ಗಮನಿಸಿಯೂ ಸುಮ್ಮನಿದ್ದೆ.

ಎರಡನೆಯದು, ಮುಂಬದಿಯಲ್ಲಿ ದೊಡ್ಡದಾಗಿ ಬೇರಿನ ಚಿತ್ರ. ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡು ದೀಪದ ಕೆಳಗೆ ಹಿಡಿದಾಗ ಕಂಡದ್ದು: ಬೇರು ಮತ್ತು ಎಲೆಯ ಸಾರ, 500 ಮಿಲಿಗ್ರಾಂ.

ಭಿಷಕ್
ಇವತ್ತೇ ನಿಲ್ಲಿಸಿ. ಥೈರಾಯ್ಡ್ ಮಾತ್ರೆಯನ್ನು ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಕಡಿಮೆಯೂ ಮಾಡಬೇಡಿ. ನಾಳೆ ಬೆಳಿಗ್ಗೆ ರಕ್ತ ಕೊಟ್ಟು ಟಿಎಸ್‌ಎಚ್, ಟಿ4 ನೋಡಿಸಿ. ಮೈಯಲ್ಲಿ ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಟಿಎಸ್‌ಎಚ್ ಇಳಿಯುತ್ತದೆ. ಯಕೃತ್ತಿನ ಪರೀಕ್ಷೆಯೂ ಇರಲಿ. ಅವರಿಗೆ ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಡಬ್ಬಿಯನ್ನೇ ತೋರಿಸಿ. ಎದೆಬಡಿತ ಹೆಚ್ಚಾದರೆ, ತಲೆ ಸುತ್ತಿದರೆ ನಾಳೆಯವರೆಗೂ ಕಾಯಬೇಡಿ.

ರಾತ್ರಿ ಪಾಳಿ
ಎಲೆ ಇದ್ದರೆ ಒಳ್ಳೆಯದೇ ಅಲ್ಲವೇ? ಜಪಾನಿನ ಸುಕುಬಾ ವಿಶ್ವವಿದ್ಯಾಲಯದವರು 2017ರಲ್ಲಿ ನಿದ್ರೆ ತರುವ ಅಂಶ ಎಲೆಯಲ್ಲೇ ಇದೆ ಎಂದು ಕಂಡುಹಿಡಿದರು ಎಂದು ಓದಿದ್ದೇನೆ.

ಔಷಧಿ ಚೀಟಿ
ಓದಿದ್ದು ಸರಿ. ಎಲೆಯನ್ನು ನೀರಿನಲ್ಲಿ ತೆಗೆದ ಸಾರದಲ್ಲಿರುವ ಟ್ರೈಎಥಿಲೀನ್ ಗ್ಲೈಕಾಲ್ ನಿದ್ರೆ ತಂದಿತು. ತಂದದ್ದು ಇಲಿಗಳಿಗೆ. ಎಲೆಯಲ್ಲಿ ವಿಥಾಫೆರಿನ್ ಎ ಎಂಬ ಇನ್ನೊಂದು ಅಂಶ ಬೇರಿಗಿಂತ ಬಹಳ ಹೆಚ್ಚು. ಅದು ಜೀವಕೋಶಗಳಿಗೆ ಹಾನಿ ಮಾಡಬಲ್ಲ ವಸ್ತು. ಪರಂಪರೆಯಲ್ಲಿ ಹೊಟ್ಟೆಗೆ ಕೊಟ್ಟದ್ದು ಬೇರನ್ನು, ಎಲೆ ಹೆಚ್ಚಾಗಿ ಬಾವಿನ ಮೇಲೆ ಹಚ್ಚುವುದಕ್ಕೆ. ಹೊಟ್ಟೆಗೆ ಸೇರುವ ಔಷಧಿಯಲ್ಲಿ ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯ 2021ರಲ್ಲೇ ತಯಾರಕರಿಗೆ ಹೇಳಿತ್ತು.

ಹಾಗಾದರೆ ಎಲೆ ಏಕೆ ಸೇರಿಸುತ್ತಾರೆ ಎಂದು ಕೇಳುತ್ತೀರಿ. ಇಲ್ಲಿ ಬೆಳೆದವರು ಯಾರಾದರೂ ಇದ್ದರೆ ಅವರೇ ಹೇಳಲಿ.

ಮಸಾರಿ ಹೊಲ
ನಾನು ಬೆಳೆದಿದ್ದೇನೆ. ಕೊಪ್ಪಳ ಜಿಲ್ಲೆ, ಕೆಂಪು ಮಸಾರಿ ನೆಲ. ಬರೆಯುವುದು ರೂಢಿಯಿಲ್ಲ, ತಪ್ಪಿದ್ದರೆ ತಿದ್ದಿಕೊಳ್ಳಿ.

ಹಿರೇಮದ್ದು ಎನ್ನುವುದೂ ಇದಕ್ಕೇ. ಬದನೆ, ಟೊಮೆಟೊ, ಮೆಣಸಿನಕಾಯಿಯ ಬಳಗ. ಬದನೆ ಎಲೆಯನ್ನು ಜರಡಿ ಮಾಡುವ ಚುಕ್ಕೆ ದುಂಬಿಯೇ ಇದಕ್ಕೂ ಬರುತ್ತದೆ, ನೋಡಿದ ಕೂಡಲೇ ಗುರುತು ಸಿಕ್ಕಿತು. ಮೊದಲ ವರ್ಷ ಎರಡು ಎಕರೆ ಹಾಕಿದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಟ್ಟ ಅರ್ಕಾ ಅಶ್ವಗಂಧ ಎಂಬ ತಳಿ ಇದೆ, ಮಧ್ಯಪ್ರದೇಶದ ಜವಾಹರ್ ತಳಿಗಳೂ ಇವೆ. ಬೀಜ ಬಹಳ ಸಣ್ಣದು, ಮರಳು ಬೆರೆಸಿ ಎರಚಿದೆವು. ಹೊಲದಲ್ಲಿ ನೀರು ನಿಂತರೆ ಗಿಡ ಉಳಿಯುವುದಿಲ್ಲ, ನಮ್ಮ ಒಂದು ಮೂಲೆ ಹಾಗೆಯೇ ಹೋಯಿತು. ಐದಾರು ತಿಂಗಳ ಬೆಳೆ. ಎಲೆ ಒಣಗಿ, ಬುರುಡೆಯೊಳಗಿನ ಹಣ್ಣು ಕೆಂಪಾದರೆ ಕೀಳುವ ಕಾಲ.

ಕೀಳುವುದೇ ಕಷ್ಟ. ನೇಗಿಲು ಹೊಡೆದು ಬೇರು ಎಬ್ಬಿಸಬೇಕು, ತುಂಡಾದರೆ ಬೆಲೆ ಬಿತ್ತು. ಹಸಿ ಬೇರು ಮೂಗಿಗೆ ಹಿಡಿದರೆ ಲಾಯದ ಬಾಗಿಲಲ್ಲಿ ನಿಂತ ಹಾಗೆ. ತೊಳೆದು, ಒಂದು ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿ, ಬಿಸಿಲಿಗೆ ಹರವುತ್ತೇವೆ. ವ್ಯಾಪಾರಿ ಬಂದವನು ತೂಕ ನೋಡುವುದಕ್ಕೂ ಮೊದಲು ಒಂದು ಬೇರು ಎತ್ತಿ ಮುರಿದ. ಟಕ್ ಎಂದು ಮುರಿದು ಒಳಗೆ ಹಿಟ್ಟಿನ ಹಾಗೆ ಬೆಳ್ಳಗಿದ್ದರೆ ಮೊದಲ ದರ್ಜೆ. ನಾರು ನಾರಾಗಿ ಬಾಗಿದರೆ ಕೊನೆಯ ಗುಂಪಿಗೆ. ಎರಡು ಎಕರೆಗೆ ಒಣಬೇರು ಐದು ಕ್ವಿಂಟಲ್ ಬಂತು, ಅದರಲ್ಲಿ ಮೊದಲ ದರ್ಜೆಯದ್ದು ಒಂದು ಚೀಲವೂ ಇರಲಿಲ್ಲ. ಬೆಲೆ ನಿಂತಿರುವುದು ಮಧ್ಯಪ್ರದೇಶದ ನೀಮಚ್ ಮಂಡಿಯಲ್ಲಿ, ನಮ್ಮ ಕೈಯಲ್ಲಿ ಅಲ್ಲ.

ಈಗ ಎಲೆಯ ಮಾತು. ಮೊದಲ ವರ್ಷ ಸೊಪ್ಪನ್ನು ಬದುವಿಗೆ ಎಸೆದೆವು. ಎರಡನೆಯ ವರ್ಷ ಒಬ್ಬ ದಲ್ಲಾಳಿ ಬಂದು, ಸೊಪ್ಪನ್ನೂ ನೆರಳಲ್ಲಿ ಒಣಗಿಸಿ ಚೀಲ ತುಂಬಿ ಎಂದ. ಬೇರಿನ ಬೆಲೆಯ ಮುಂದೆ ಅವನು ಕೊಟ್ಟದ್ದು ಪುಡಿಗಾಸು. ಏಕೆ ಎಂದು ಕೇಳಿದೆ. ಎಲೆಯಲ್ಲೂ ಅದೇ ಸತ್ವವಿದೆ, ಪರೀಕ್ಷೆಯಲ್ಲಿ ಅಂಕ ಬರುತ್ತದೆ ಎಂದ. ಅಡಿಕೆ ಸೋಗೆ ಸರ್ ಹೇಳಿದ ಡಬ್ಬಿಯ ಹಿಂಬದಿ ಓದಿದಾಗ ಆ ಚೀಲಗಳು ನೆನಪಾದವು. ನಾನೂ ತುಂಬಿಕೊಟ್ಟಿದ್ದೇನೆ, ಸುಳ್ಳು ಹೇಳುವುದಿಲ್ಲ.

ಉತ್ತರ ಸಮುದ್ರ
ಮಸಾರಿ ಹೊಲ ಅವರೇ, ತಿದ್ದಿಕೊಳ್ಳಲು ಏನೂ ಇಲ್ಲ. ಇನ್ನಷ್ಟು ಬರೆಯಿರಿ.

ಚೂರ್ಣಪ್ರಿಯ
ನನ್ನ ಡಬ್ಬಿಯನ್ನೂ ತಿರುಗಿಸಿ ನೋಡಿದೆ. ಬರೀ ಬೇರು ಎಂದಿದೆ. ಆದರೂ ಮುಂದಿನ ವಾರ ಯಕೃತ್ತಿನ ಪರೀಕ್ಷೆ ಮಾಡಿಸುತ್ತೇನೆ. ಅಡ್ಡ ಪರಿಣಾಮದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಔಷಧಿ ಚೀಟಿ ಅವರು ಬರೆದುಕೊಳ್ಳಲಿ. ನನಗೆ ನಿದ್ರೆ ಬರುತ್ತಿರುವುದು ನಿಜ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಅಡಿಕೆ ಸೋಗೆ
ವರದಿ ಬಂತು. ಟಿಎಸ್‌ಎಚ್ 0.08. ಕಳೆದ ವರ್ಷ ಇದೇ ಮಾತ್ರೆಯಲ್ಲಿ 2.4 ಇತ್ತು. ಯಕೃತ್ತಿಗೆ ಏನೂ ಆಗಿಲ್ಲ. ಮಾತ್ರೆಯ ಪ್ರಮಾಣವನ್ನು ವೈದ್ಯರು ಈಗಲೇ ಮುಟ್ಟಲಿಲ್ಲ. ಅಶ್ವಗಂಧ ನಿಲ್ಲಿಸಿ ಆರು ವಾರಕ್ಕೆ ಮತ್ತೆ ನೋಡೋಣ, ಅಷ್ಟರಲ್ಲಿ ಎದೆಬಡಿತ ಜಾಸ್ತಿಯಾದರೆ ಬನ್ನಿ ಎಂದರು. ಡಬ್ಬಿ ತೋರಿಸಿದಾಗ ಅವರು ಬೈಯಲಿಲ್ಲ. ಇಂಥದ್ದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ ಎಂದರು.

ಆದರೆ ಎರಡೂವರೆಯ ಎಚ್ಚರ ಈ ಡಬ್ಬಿಗಿಂತ ಎಂಟು ತಿಂಗಳು ಹಳೆಯದು. ಅದು ಹಾಗೆಯೇ ಇದೆ.

ಹಂಡೆ ಒಲೆ
ನನ್ನ ಮನೆಯವರು ಹೋದಾಗ ನಾನು ಎರಡು ಮಳೆಗಾಲ ಬೆಳಗಿನ ಜಾವ ಎದ್ದು ಕೊಟ್ಟಿಗೆಗೆ ಹೋಗಿ ನಿಲ್ಲುತ್ತಿದ್ದೆ. ಹಸು ಮಾರಿ ವರ್ಷವಾಗಿತ್ತು. ಮಗಳು ನನ್ನನ್ನು ತಡೆಯಲಿಲ್ಲ. ಒಂದು ದಿನ ತಾನೂ ಎದ್ದು ಬಂದು ಪಕ್ಕದಲ್ಲಿ ನಿಂತಳು. ಚಳಿ ಅಮ್ಮಾ, ಒಲೆ ಹಚ್ಚುತ್ತೀಯಾ ಎಂದಳು. ಅಷ್ಟೇ ಹೇಳುತ್ತೇನೆ. ನಿನ್ನ ತಾಯಿಯೊಡನೆ ಒಂದೆರಡು ರಾತ್ರಿ ಜಗಲಿಯಲ್ಲಿ ಕೂತಿದ್ದೀಯಾ ತಮ್ಮಾ?

ಔಷಧಿ ಚೀಟಿ
ಅಕ್ಕನ ಮಾತಿಗೆ ಒಂದು ಸೇರಿಕೆ. ದೀರ್ಘಕಾಲದ ನಿದ್ರಾಹೀನತೆಗೆ ಈಗ ವೈದ್ಯರು ಮೊದಲು ಹೇಳುವುದು ಮಾತ್ರೆಯನ್ನಲ್ಲ, ಅಭ್ಯಾಸ ಮತ್ತು ಆಲೋಚನೆಯನ್ನು ತಿದ್ದುವ ಚಿಕಿತ್ಸೆಯನ್ನು. ಹಗಲು ಮಲಗಬಾರದು. ನಿದ್ರೆ ಬಂದಾಗ ಮಾತ್ರ ಹಾಸಿಗೆಗೆ. ಎಚ್ಚರವಾದರೆ ಹೊರಳಾಡದೆ ಎದ್ದು ಕೂರುವುದು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಒಂದೇ. ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡೂವರೆಗೂ ಎತ್ತುತ್ತಾರೆ. ನಮ್ಮ ನಿಮ್ಹಾನ್ಸ್ ಅದಕ್ಕೆ ಕೇಂದ್ರ.

ಅಡಿಕೆ ಸೋಗೆ
ಏಳು ವಾರವಾಯಿತು, ಸುದ್ದಿ ಬಾಕಿ ಇತ್ತು. ಮರುಪರೀಕ್ಷೆಯಲ್ಲಿ ಟಿಎಸ್‌ಎಚ್ 1.9. ಅದೇ 75ರ ಮಾತ್ರೆಯಲ್ಲಿ. ಕೈನಡುಕ ನಿಂತಿದೆ.

ಹಂಡೆ ಒಲೆ ಅಕ್ಕ, ಕೂತೆ. ಮೊದಲ ರಾತ್ರಿ ಇಬ್ಬರೂ ಮಾತಾಡಲಿಲ್ಲ. ಮೂರನೆಯ ರಾತ್ರಿ ಅಮ್ಮ, ಆ ಮೊಬೈಲ್‌ನಲ್ಲಿ ಮೋಟಾರು ಹೇಗೆ ಹಾಕುತ್ತೀಯ ಎಂದು ಕೇಳಿದರು. ತೋರಿಸಿಕೊಟ್ಟೆ. ಈಗ ತ್ರೀಫೇಸ್ ಬರುವುದು ಹಗಲು ಹತ್ತಕ್ಕೆ. ಮೋಟಾರು ಹಾಕುವವರು ಅವರೇ. ನನ್ನ ಮೊಬೈಲ್‌ನಲ್ಲಿ ಅದನ್ನು ತೆಗೆಸಿಬಿಟ್ಟಿದ್ದಾರೆ, ಇಬ್ಬರು ಹಾಕಿದರೆ ಸುಟ್ಟುಹೋದೀತು ಎಂದು. ರಾತ್ರಿಯ ಎಚ್ಚರ ಪೂರ್ತಿ ಹೋಗಿಲ್ಲ. ವಾರದಲ್ಲಿ ಎರಡು ಮೂರು ದಿನ ಏಳುತ್ತಾರೆ, ನಾಲ್ಕರ ಹೊತ್ತಿಗೆ ಮತ್ತೆ ಮಲಗುತ್ತಾರೆ.

ಈ ಚರ್ಚೆಯನ್ನು ಅವರಿಗೆ ಪೂರ್ತಿ ಓದಿ ಹೇಳಿದೆ. ಎಮ್ಮೆ ಹಾಲಿನ ಮಾತು ಬಂದಾಗ, ಮೂವತ್ತು ವರ್ಷದ ಹಿಂದೆ ಎಮ್ಮೆ ಮಾರಬೇಡಿ ಎಂದು ನಾನು ಹೇಳಿದ್ದೆ, ನಿಮ್ಮಪ್ಪ ಕೇಳಲಿಲ್ಲ ಎಂದರು. ಅತ್ತೆ ಫೋನು ಮಾಡಿ ಡಬ್ಬಿ ಮುಗಿಯಿತೇ, ಇನ್ನೊಂದು ಕಳಿಸಲೇ ಎಂದು ಕೇಳಿದ್ದಕ್ಕೆ, ಈಗ ಬೇಡ, ಬರುವಾಗ ಒಂದು ಒಳ್ಳೆಯ ಟಾರ್ಚ್ ತಾ ಎಂದರಂತೆ.

ಮಸಾರಿ ಹೊಲ
ಓದಿ ಸಮಾಧಾನವಾಯಿತು ಸರ್. ಈ ವರ್ಷ ಆ ಎರಡು ಎಕರೆಗೆ ಶೇಂಗಾ ಹಾಕಿದ್ದೇನೆ. ಬದುವಿನಲ್ಲಿ ಹಿರೇಮದ್ದು ತಾನಾಗಿಯೇ ನಾಲ್ಕು ಗಿಡ ಎದ್ದಿದೆ, ಕಿತ್ತಿಲ್ಲ. ಅಮ್ಮನಿಗೆ ಗಿಡ ನೋಡಬೇಕು ಎನ್ನಿಸಿದರೆ ಹಣ್ಣು ಕೆಂಪಾದಾಗ ಚಿತ್ರ ಹಾಕುತ್ತೇನೆ.